ಸಂಪೂರ್ಣ ಸ್ವಾತಂತ್ರ್ಯದ ಶೂಟಿಂಗು

ಬೆಳಕು ಹರಿಯುವ ಮೊದಲೇ ಪುಷ್ಪಾ ಅಂಗಳ ಗುಡಿಸಿ ನೀರು ಹಾಕಿದ್ದಳು, ಸಗಣಿ ಬಾಚಿ ಎಮ್ಮೆಯ ಹಾಲು ಕರೆದಿದ್ದಳು, ನಳದ ಮುಂದೆ ಕೊಡಗಳನ್ನು ಸಾಲಿಗೆ ನಿಲ್ಲಿಸಿ ಬಂದಿದ್ದಳು, ಅತ್ತೆಯ ಸ್ನಾನಕ್ಕೆ ನೀರು ಕಾಯಲಿಟ್ಟಿದ್ದಳು, ರೊಟ್ಟಿ ಬಡಿದು ಬುಟ್ಟಿಗೆ ಹಾಕಿದ್ದಳು, ಮಕ್ಕಳ ಡಬ್ಬಿಗೆ ಚಿತ್ರಾನ್ನ ಕಲೆಸಿದ್ದಳು, ಗಂಡನ ಬಿಳಿ ಅಂಗಿಗೆ ಇಸ್ತ್ರಿ ಹಾಕಿದ್ದಳು. ಇಸ್ತ್ರಿಯೊಂದನ್ನು ಬಿಟ್ಟರೆ ಉಳಿದವೆಲ್ಲ ದಿನಾ ಇದ್ದದ್ದೇ. ಅಂದು ಅವಳ ಪಾಲಿಗೆ ಹೊಸದಾಗಿ ಬಂದದ್ದು ಪತ್ರಕರ್ತೆಯ ಹುದ್ದೆ. ಗಂಡನ ಸಂದರ್ಶನದ ತಾಲೀಮಿಗೆಂದು ಸೌಟನ್ನು ಮೈಕಿನಂತೆ ಅವನ ಬಾಯಿಗೆ ಹಿಡಿದು, “ಹೆಂಡ್ತಿ ಸಭೇಲಿ ಮಾತಾಡಾಕೆ ಹೊರಟಾರೆ. ನಿಮಗೇನನ್ನಿಸ್ತೈತೆ?” ಎಂದು ಕೇಳಬೇಕಿತ್ತು.

ಪರಶುರಾಮ ಎದೆಯುಬ್ಬಿಸಿ, “ನನ್ನ ಹೆಂಡ್ತಿಗೆ ನಾನು ಸಂಪೂರ್ಣ ಸ್ವಾತಂತ್ರ್ಯ ಕೊಟ್ಟೀನಿ” ಎನ್ನುತ್ತಿದ್ದ. ಆಮೇಲೆ ಅದೇ ಉಸಿರಿನಲ್ಲಿ, “ಸೌಟು ದೂರ ಹಿಡಿಯೇ, ಅಂಗಿ ಮ್ಯಾಲೆ ಸಾರು ಬೀಳ್ತೈತೆ” ಎನ್ನುತ್ತಿದ್ದ.

ಸಂಗತಿ ಇಷ್ಟೆ. ಅಂದು ಜಗಳೂರಿನಲ್ಲಿ ತಾಲ್ಲೂಕಿನ ಮಹಿಳಾ ಸಂಘಗಳ ಸಭೆ. ಅಧಿಕಾರಿಗಳು ಬರುವವರಿದ್ದರು. ಊರಿನ ಹೆಂಗಸರು ಶೇಂಗಾ ಸುಲಿದೂ ಸುಲಿದೂ ಉಗುರು ಕಳೆದುಕೊಂಡಿದ್ದರು. ಸುಲಿಯುವ ಮಷಿನ್ನು ಬೇಕೆಂದು ಎದ್ದು ನಿಂತು ಕೇಳುವ ಕೆಲಸವನ್ನು ಸಂಘ ಪುಷ್ಪಾಳಿಗೆ ವಹಿಸಿತ್ತು. ಕೇಳದಿದ್ದರೆ ಅದು ಪಕ್ಕದೂರಿನ ಪಾಲು. ಮೈಕು ಹಿಡಿದು ಗೊತ್ತಿಲ್ಲದ ಪುಷ್ಪಾ ಎಮ್ಮೆಯ ಮುಂದೆ ನಿಂತು ಅಭ್ಯಾಸ ಮಾಡಿದ್ದಳು (ಅವಳ ಮಾತನ್ನು ಅರ್ಧಕ್ಕೆ ತಡೆಯದೆ ಕೇಳುವ ಜೀವ ಆ ಮನೆಯಲ್ಲಿ ಅದೊಂದೇ).

ಈ ಸುದ್ದಿ ತಿಳಿದು, ಯೂಟ್ಯೂಬ್ ಚಾನೆಲ್ ನಡೆಸುವ ಮಾರುತಿ ಸಂದರ್ಶನ ಬೇಕೆಂದು ಹಿಂದಿನ ದಿನವೇ ಹೇಳಿಹೋಗಿದ್ದ. ಪುಷ್ಪಾಳದ್ದಲ್ಲ, ಪರಶುರಾಮನದು. ‘ಹೆಂಡತಿಯನ್ನು ಬೆಳೆಸಿದ ಗಂಡ’ ಎಂಬ ವಿಶೇಷ ಕಾರ್ಯಕ್ರಮವಂತೆ.

ಎಂಟಕ್ಕೆ ಬಂದ ಮಾರುತಿ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಅಡುಗೆಮನೆಯಲ್ಲೇ ನಿಲ್ಲಿಸಿದ. “ಅಣ್ಣ, ನೀವು ಮುಂದೆ ಕುಂದರ್ರಿ. ಅಕ್ಕಾರೆ, ನೀವು ಹಿಂದೆ ರೊಟ್ಟಿ ಬಡೀತಿರ್ರಿ. ನ್ಯಾಚುರಲ್ ಆಗಿರ್ತೈತೆ.”

“ರೊಟ್ಟಿ ಆಗೈತಪ್ಪ. ನಂಗೆ ಒಂಬತ್ತರ ಬಸ್ಸೈತೆ. ಅದು ಬಿಟ್ರೆ ಮಧ್ಯಾಹ್ನನೇ.”

“ಒಂದೇ ಒಂದು ಅಕ್ಕಾರೆ. ಅದು ಬೇಯೋದ್ರಾಗೆ ಮುಗೀತೈತೆ.”

ಚಹಾದಂಗಡಿಯಲ್ಲಿ ಕೂತು ದೇಶದ ಬಜೆಟ್ಟನ್ನೇ ತಿದ್ದಿ ಕೊಡುವ ಪರಶುರಾಮನ ನಾಲಗೆ, ಆ ಪುಟ್ಟ ಮೊಬೈಲಿನ ಕಣ್ಣು ತನ್ನತ್ತ ತಿರುಗಿದ್ದೇ ತಡ, ಅಂಗುಳಿಗೆ ಅಂಟಿತು. “ನನ್ನ ಹೆಂಡ್ತಿ ನಂಗೆ ಸಂಪೂರ್ಣ ಸ್ವಾತಂತ್ರ್ಯ ಕೊಟ್ಟಾಳೆ” ಎಂದ. ಕಟ್. ಬೆಂದ ರೊಟ್ಟಿಯನ್ನು ಮತ್ತೆ ಬಡಿಯಲಾಗುವುದಿಲ್ಲವಲ್ಲ, ಪುಷ್ಪಾ ಹೊಸ ಉಂಡೆ ತೆಗೆದುಕೊಂಡಳು. ಸ್ವಾತಂತ್ರ್ಯದ ನಡುವೆ ಅವನಿಗೆ ಕೆಮ್ಮು ಬಂತು. ಕಟ್. ಇನ್ನೊಂದು ಉಂಡೆ.

“ಹೆಂಡ್ತಿ ಅನ್ನಬ್ಯಾಡ್ರಿ ಅಣ್ಣ, ಹೆಸರು ಹೇಳ್ರಿ.”

ಪರಶುರಾಮ ಹಿಂದಕ್ಕೆ ತಿರುಗಿ ನೋಡಿದ. ಮದುವೆಯಾದಂದಿನಿಂದ ‘ಏ, ಇಲ್ಲಿ ಕೇಳು’ ಎಂಬುದರಲ್ಲೇ ಸಂಸಾರ ತೂಗಿಸಿಕೊಂಡು ಬಂದವನು.

“ಪುಷ್ಪಾ” ಎಂದು ಅವಳೇ ಹೇಳಿಕೊಟ್ಟಳು.

“ನಡುವೆ ಮಾತಾಡಬ್ಯಾಡ್ರಿ ಅಕ್ಕಾರೆ, ರೆಕಾರ್ಡ್ ಆಗ್ತೈತೆ.” ಕಟ್.

ಬುಟ್ಟಿ ತುಂಬಿ ಮೊರಕ್ಕೆ ಬಂತು, ಮೊರ ತುಂಬಿ ತಟ್ಟೆಗೆ ಬಂತು. ಹೊಸ್ತಿಲ ಬಳಿ ಕೂತಿದ್ದ ಅತ್ತೆ ದುರುಗಕ್ಕನಿಗೆ ತಡೆಯಲಾಗಲಿಲ್ಲ. “ಯಾರ ಮದುವಿ ಐತೆ ಇವತ್ತು? ಇಷ್ಟು ರೊಟ್ಟಿ ಯಾರು ತಿಂತಾರೆ?”

“ನಿಮ್ಮ ಮಗ ನಂಗೆ ಸ್ವಾತಂತ್ರ್ಯ ಕೊಡ್ತಾ ಅದಾರೆ ಅತ್ತೆ. ಕೊಟ್ಟು ಮುಗಿಯೋ ತನಕ ಬಡೀಬೇಕಂತೆ.”

“ಲಗೂನ ಕೊಡೋ ಪರಸು” ಎಂದಳು ದುರುಗಕ್ಕ. “ಹಿಟ್ಟಿನ ಡಬ್ಬಿ ತಳ ಕಾಣಾಕೆ ಹತ್ತೈತೆ.”

ಅಷ್ಟರಲ್ಲಿ ಕೆರೆಯ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು.

“ನಾನು ಹೊರಡಲೇನ್ರಿ?”

“ಇದೊಂದೇ, ಲಾಸ್ಟ್” ಎಂದ ಪರಶುರಾಮ, ಬೆವರೊರೆಸಿಕೊಳ್ಳುತ್ತಾ. “ನೀನು ಹೋದ್ರೆ ನನ್ನ ಹಿಂದೆ ಏನಿರ್ತೈತೆ? ಬರೀ ಒಲೆ ತೋರ್ಸಾಕಾಗ್ತೈತಾ?”

ಪುಷ್ಪಾ ಅರ್ಧ ಬಡಿದ ರೊಟ್ಟಿಯನ್ನು ಹಲಗೆಯ ಮೇಲೆಯೇ ಬಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಬ್ಯಾಗು ಹಿಡಿದು ಹೊರಬಿದ್ದಳು. ಅಂಗಳ ದಾಟುವಾಗ ಒಳಗಿನಿಂದ ಗಂಡನ ದನಿ ಒಂದಕ್ಷರವೂ ತಪ್ಪದೆ, ಗಂಟೆ ಹೊಡೆದಂತೆ ಕೇಳಿಸಿತು: “ನನ್ನ ಹೆಂಡ್ತಿ ಪುಷ್ಪಾಗೆ ನಾನು ಸಂಪೂರ್ಣ ಸ್ವಾತಂತ್ರ್ಯ ಕೊಟ್ಟೀನಿ.” ಹಿಂದೆಯೇ ಮಾರುತಿಯ ದನಿ: “ಥೋ, ರೊಟ್ಟಿ ಸೌಂಡೇ ಇಲ್ವಲ್ಲ ಅಣ್ಣ.”

ಬಸ್ಸು ಸಿಕ್ಕಿತು. ಕಂಡಕ್ಟರ್ ಇನ್ನೂ ಮೇಲೆ ಮೂಟೆಗಳನ್ನು ಹಾಕಿಸುತ್ತಿದ್ದ. ಬಾಗಿಲ ಪಕ್ಕದ ಸೀಟಿನಲ್ಲಿ ಕೂತು ಪುಷ್ಪಾ ತನ್ನ ಭಾಷಣವನ್ನು ಮನಸ್ಸಿನಲ್ಲೇ ಶುರು ಮಾಡಿದಳು. ಮಾನ್ಯ ಅಧಿಕಾರಿಗಳೇ, ನನ್ನ ಹೆಂಡತಿಗೆ ನಾನು... ಬೆಚ್ಚಿಬಿದ್ದು ಮತ್ತೆ ಮೊದಲಿನಿಂದ ಹಿಡಿದಳು. ನಮ್ಮ ಸಂಘದ ಹೆಂಗಸರಿಗೆ ನಾನು ಸಂಪೂರ್ಣ... ಬೆಳಗಿನಿಂದ ರೊಟ್ಟಿಯ ಜೊತೆಗೆ ಗಂಡನ ಆ ಒಂದು ಸಾಲೂ ಬಡಿದು ಬಡಿದು ಅವಳ ತಲೆಯೊಳಗೆ ಇಳಿದಿತ್ತು. ಎಮ್ಮೆ ಮೆಚ್ಚಿದ್ದ ಭಾಷಣದ ಒಂದು ಪದವೂ ಅಲ್ಲಿ ಉಳಿದಿರಲಿಲ್ಲ.

ಆಗ ಫೋನು ಬಂತು.

“ಎಲ್ಲಿದೀಯಾ? ಇಳಿದು ಬಾ” ಎಂದ ಪರಶುರಾಮ. “ನಿನ್ನ ಸಭೆಗೆ ಕಳಿಸಿಕೊಡೋ ಸೀನು ಬೇಕಂತೆ. ಬಾಗಿಲಾಗೆ ನಿಂತು ಬ್ಯಾಗು ಕೈಗೆ ಕೊಟ್ಟು, ಹೋಗಿ ಬಾ ಅಂತೀನಿ.”

“ನಾನು ಹೊರಟೇ ಬಿಟ್ಟೀನಲ್ರಿ.”

“ಅದಕ್ಕೇ ವಾಪಸ್ ಬಾ. ನೀನಿಲ್ದೆ ಹೆಂಗೆ ಕಳಿಸಲಿ?”

“ಆಮೇಲೆ ಬಸ್ಸು?”

“ಅದು ಆಮೇಲಿಂದು.”

ಪುಷ್ಪಾ ಎದ್ದು ನಿಂತಳು. ನಿಜ ಹೇಳಬೇಕೆಂದರೆ ಆ ಕ್ಷಣ ಅವಳಿಗೆ ಹಗುರವೆನಿಸಿತು. ಖಾಲಿ ತಲೆ ಹೊತ್ತು ಅಷ್ಟು ಜನರ ಮುಂದೆ ನಿಲ್ಲುವುದು ತಪ್ಪುತ್ತದೆ. ಗಂಡ ಕರೆದ, ಬಂದೆ ಎಂದರೆ ಸಂಘದಲ್ಲಿ ಯಾರೂ ಎರಡು ಮಾತಾಡುವುದಿಲ್ಲ. ಮನೆಗೆ ಹೋಗಿ ಒಂದು ಗಳಿಗೆ ಬಾಗಿಲಲ್ಲಿ ನಿಂತರಾಯಿತು, ಆಮೇಲೆ ಎಲ್ಲರೂ ಸೇರಿ ಮಷಿನ್ನಿಲ್ಲದೆ ಶೇಂಗಾ ಸುಲಿಯುತ್ತಾ ಕೂತರಾಯಿತು.

ಕಂಡಕ್ಟರ್ ಏಣಿಯಿಂದ ಇಳಿದು ಬಂದ. “ಅಕ್ಕಾರೆ, ಇಳಿಯೋದಾದ್ರೆ ಇಳೀರಿ, ಕುಂದ್ರೋದಾದ್ರೆ ಕುಂದರ್ರಿ. ಬಾಗಿಲಾಗೆ ನಿಂತು ಯೋಚ್ನೆ ಮಾಡಬ್ಯಾಡ್ರಿ.”

ಫೋನು ಕೈಯಲ್ಲಿ ಇನ್ನೂ ಏನೋ ಹೇಳುತ್ತಿತ್ತು. ಪುಷ್ಪಾ ಅದನ್ನು ಆರಿಸಿ ಬ್ಯಾಗಿಗೆ ಹಾಕಿದಳು. ಗಂಟಲು ಸರಿಮಾಡಿಕೊಂಡು, ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ, “ರೈಟ್” ಎಂದಳು.

ಕಂಡಕ್ಟರೇ ಹೇಳಿದನೆಂದುಕೊಂಡು ಡ್ರೈವರು ಗೇರು ಹಾಕಿದ.