ಮೋರಿ ನೀರಿನ ಮಲ್ಗೋವಾ

ನೆಂಟರು ಬಂದರೆ ಯಾರಾದರೂ ದೇವಸ್ಥಾನ ತೋರಿಸುತ್ತಾರೆ. ನಮ್ಮ ಸೋದರಮಾವ ಊರಿನ ಕೊಳಚೆ ನೀರು ತೋರಿಸುತ್ತಿದ್ದರು! ಸುಳ್ಳಲ್ಲ ಸ್ವಾಮಿ. ನನ್ನ ತಂಗಿ ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಅವರ ಮನೆಗೆ ಊಟಕ್ಕೆ ಹೋದಾಗ, ರೇಷ್ಮೆ ಪಂಚೆಯುಟ್ಟ ಆ ಹುಡುಗನನ್ನು ನೇರವಾಗಿ ಊರಾಚೆಯ ಶುದ್ಧೀಕರಣ ಘಟಕಕ್ಕೇ ಕರೆದೊಯ್ದರು. ಅವನು ಮೂಗಿಗೆ ಕರ್ಚೀಫ್ ಹಿಡಿದದ್ದೇ ತಡ, "ಯಾಕೆ ಅಳಿಯಂದ್ರೇ ಸಂಕೋಚ? ಎಲ್ಲಾ ನಮ್ಮೋರದ್ದೇ!" ಅಂದರಂತೆ. ಆವತ್ತು ಆ ಹುಡುಗ ಒಬ್ಬಟ್ಟು ಮುಟ್ಟಲಿಲ್ಲ.

ಶ್ರೀನಿವಾಸಪುರದ ಹತ್ತಿರದ ಸಣ್ಣ ಊರು ಅವರದು. ಬ್ಯಾಂಕಿನಿಂದ ನಿವೃತ್ತರಾದವರು. ತಮ್ಮ ಮಾವಿನ ತೋಟದ ಪಕ್ಕಕ್ಕೇ ಈ ಘಟಕ ಬಂದಾಗ ಬೇರೆಯವರ ಹಾಗೆ ಎದೆ ಬಡಿದುಕೊಳ್ಳಬೇಕಿತ್ತು ತಾನೇ? ಇವರು ಹಿಗ್ಗಿ ಹೀರೇಕಾಯಿಯಾದರು! ಬೋರ್‌ವೆಲ್ ಬತ್ತಿ ಒಣಗುತ್ತಿದ್ದ ಮಲ್ಗೋವಾ ಮರಗಳಿಗೆ, ಶುದ್ಧವಾಗಿ ಹೊರಬರುವ ನೀರನ್ನು ಪೈಪಿನಲ್ಲಿ ಹಾಯಿಸಿದರು. ಮರ ಚಿಗುರಿದವು. ಹಣ್ಣೂ ಬಿಟ್ಟವು, ಒಂದೊಂದೂ ತಲೆ ಗಾತ್ರದ್ದು!

ಅಲ್ಲಿಂದ ಶುರುವಾಯಿತು ನೋಡಿ ಅವರ ಪಡಿಪಾಟಲು. ಬುಟ್ಟಿ ಹೊತ್ತು ಮನೆಮನೆಗೂ ಹಣ್ಣು ಹಂಚಲು ಹೊರಟರು. ಹಂಚಲಿ, ಬೇಡ ಅಂದವರ್ಯಾರು? ಆದರೆ ಕೈಗೆ ಹಣ್ಣಿಡುವ ಮೊದಲೇ, "ಇದು ನಮ್ಮೆಲ್ಲರ ಬಚ್ಚಲು, ಕಕ್ಕಸ್ಸಿನ ನೀರು. ಶುದ್ಧ ಮಾಡಿ ಬೆಳ್ಸಿರೋದು" ಅನ್ನುವುದೇ! ಎದುರುಮನೆಯವರು "ವದ್ದು ಸಾಮಿ, ಬೇಡ, ನಮ್ಗೆ ಮಾವು ಆಗ್ಬರಲ್ಲ" ಎಂದು ಕೈ ಹಿಂದಕ್ಕೆಳೆದುಕೊಂಡರು. ಪಕ್ಕದ ಮನೆಯವರಿಗೂ ಆಗಿಬರಲಿಲ್ಲ. ಶ್ರೀನಿವಾಸಪುರದ ಸೀಮೆಯಲ್ಲಿ ಮಾವು ಆಗಿಬರದ ಬೀದಿ ಇದ್ದರೆ ಅದೊಂದೇ!

"ಮಂಡಿಗೆ ಹಾಕಿ ಮಾವ. ಬೆಂಗಳೂರೋರು ಚಪ್ಪರಿಸ್ಕೊಂಡು ತಿಂತಾರೆ," ಅಂದೆ.

"ತಿಂತಾರೆ ಕಣೋ. ಆದ್ರೆ ನಮ್ಮೂರ ನೀರು ಅಂತ ಗೊತ್ತಿದ್ದೂ ನಮ್ಮೋರು ಒಬ್ರಾದ್ರೂ ತಿನ್ಬೇಕು."

ಅಷ್ಟೇ ಅವರ ಆಸೆ. ಊರಿನ ಮಾತು ಬಿಡಿ, ಮನೆಯಲ್ಲೇ ನಡೆಯಲಿಲ್ಲ! ಅತ್ತೆಯದು ಘೋರ ಮಡಿ. ಆ ಹಣ್ಣು ಜಗಲಿ ದಾಟಿ ಒಳಗೆ ಬರುವ ಹಾಗಿಲ್ಲ. "ಕೇಳೇ ಇಲ್ಲಿ, ಮೊದಲು ಜಾಲರಿ, ಆಮೇಲೆ ತೊಟ್ಟಿ, ಅಲ್ಲಿ ಕೆಸರೆಲ್ಲ ತಳಕ್ಕೆ..." ಎಂದು ಮಾವ ಶುರು ಮಾಡಿದರೆ, ಅತ್ತೆ "ಒಲೆ ಮೇಲೆ ಹಾಲಿದೆ" ಎಂದು ಎದ್ದುಬಿಡುತ್ತಿದ್ದರು. ಉಳಿದ ಪಾಠ ಹಿತ್ತಲಿನ ಹಸುವಿಗೆ. ಅದು ಪಾಠವನ್ನೂ ಕೇಳುತ್ತಿತ್ತು, ಹಣ್ಣನ್ನೂ ತಿನ್ನುತ್ತಿತ್ತು. ಅತ್ತೆ ಕಾಯಿಸುತ್ತಿದ್ದದ್ದು ಅದೇ ಹಸುವಿನ ಹಾಲು ಎಂದು ಹೇಳುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ!

ಹೋದ ವರ್ಷ ಮಾವನಿಗೆ ಲಕ್ವ ಹೊಡೆಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ನಿಂತುಹೋಯಿತು. ಅಷ್ಟು ಮಾತಾಡುತ್ತಿದ್ದ ಮನುಷ್ಯ! ನೋಡಲು ಬಂದ ಬೀದಿಯವರೆಲ್ಲ ಸೇಬು, ಮೂಸಂಬಿ ತಂದುಕೊಟ್ಟರು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈ ಬೇಸಿಗೆಯಲ್ಲಿ ನಾನು ತೋಟದಿಂದ ಹಣ್ಣು ತಂದು ಜಗಲಿಯಲ್ಲಿಟ್ಟೆ. ಅತ್ತೆ ಬಂದು ಸ್ವಲ್ಪ ಹೊತ್ತು ನೋಡಿದರು. ಒಂದನ್ನು ಎತ್ತಿಕೊಂಡು ಒಳಗೆ ಹೋಗಿ, ಮಾವನ ಮಂಚದ ಪಕ್ಕ ಕೂತು, ಹೆಚ್ಚಿ, ವಾಟೆಯವರೆಗೂ ತಿಂದರು. ಮಾವ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

"ಎಷ್ಟು ಸಿಹಿಯಾಗಿದೆ ರೀ," ಅಂದರು ಅತ್ತೆ. "ಆಗ್ಲೇ ಒಂದು ಹೋಳು ತಿಂದಿದ್ರೆ ನನ್ನ ಗಂಟೇನು ಹೋಗ್ತಿತ್ತು?" ಸೆರಗಿನಿಂದ ಬಾಯೊರೆಸಿಕೊಂಡು ಇನ್ನೂ ಹತ್ತಿರ ಸರಿದರು. "ಈ ನೀರನ್ನ ಹೆಂಗೆ ಶುದ್ಧ ಮಾಡ್ತಾರೆ? ಹೇಳಿ, ಕೇಳ್ತೀನಿ."

ಮಾವನ ತುಟಿ ಅಲುಗಿತು. ಏನೋ ಸದ್ದು ಹೊರಟು ಗಂಟಲಲ್ಲೇ ನಿಂತಿತು.

ಅತ್ತೆ ಅವರ ಎಡಗೈ ಹಿಡಿದುಕೊಂಡರು. "ನಿಧಾನಕ್ಕೆ ಹೇಳಿ. ನಂಗೇನೂ ಅವಸರ ಇಲ್ಲ."