ಬೆಳ್ಳಿ ಆಕಳ ಬಾಲ

ನರಕದ ವಿಷಯದಲ್ಲಿ ನಾನು ಬಹಳ ಧೈರ್ಯವಂತ ಎಂದುಕೊಂಡಿದ್ದೆ. ಕುದಿಯುವ ಎಣ್ಣೆಯ ಕೊಪ್ಪರಿಗೆಯನ್ನೂ ಕೀವು ನೆತ್ತರು ಹರಿಯುವ ವೈತರಣಿ ನದಿಯನ್ನೂ, "ಅವೆಲ್ಲ ದೃಷ್ಟಾಂತ" ಎಂಬ ಒಂದೇ ಮಾತಿನಲ್ಲಿ ಆರಿಸಿಬಿಡುತ್ತಿದ್ದೆ. ಇಚಲಕರಂಜಿಯ ಮಗ್ಗಗಳ ಸದ್ದಿನಲ್ಲಿ ದಿನವಿಡೀ ನಿಂತವನಿಗೆ ಸತ್ತ ಮೇಲೂ ಇನ್ನೊಂದು ನರಕ ಏಕೆ ಎಂಬುದು ನನ್ನ ವಾದ. ಇಂಥ ಜ್ಞಾನ ನನಗೆ ಎಲ್ಲಿಂದ ಬಂತೋ ತಿಳಿಯದು. "ನೀರು ತರೂ ಹೊತ್ತಿಗೆ ಬರತೈತಿ" ಎಂದು ಹೆಂಡತಿ ಹೇಳುತ್ತಿದ್ದಳು.

ಪಕ್ಕದ ಖೋಲಿಯ ಬಾಳಪ್ಪ ತೀರಿಕೊಂಡಾಗ ಈ ಜ್ಞಾನಕ್ಕೆ ಪರೀಕ್ಷೆ ಬಂತು. ಸೂತಕದ ದಿನಗಳಲ್ಲಿ ಸತ್ತವರ ದಾರಿಯ ಪುರಾಣ ಓದಿಸುವುದು ರೂಢಿ. ಭಟ್ಟರದು ಮರಾಠಿ ಪೋಥಿ, ಕೇಳುವವರೆಲ್ಲ ನಮ್ಮ ಕಡೆಯ ಕನ್ನಡದವರು. ಎರಡೂ ಭಾಷೆ ಬಲ್ಲವನೆಂದು ಅರ್ಥ ಹೇಳುವ ಕೆಲಸ ನನ್ನ ಕೊರಳಿಗೆ ಬಿತ್ತು. ದಾನ ಕೊಟ್ಟ ಆಕಳ ಬಾಲ ಹಿಡಿದೇ ವೈತರಣಿ ದಾಟಬೇಕು ಎಂದು ಹೇಳಿದೆನೋ ಇಲ್ಲವೋ, ಬಾಳಪ್ಪನ ಹೆಂಡತಿ ಗಂಗವ್ವ ಅಳತೊಡಗಿದಳು. ನಿಜವಾದ ಆಕಳು ಕೊಡಲಾಗದವರು ಬೆಳ್ಳಿ ಕೆಲಸದ ಊರಾದ ಹುಪರಿಯಲ್ಲಿ ಬೆರಳುದ್ದದ ಬೆಳ್ಳಿ ಆಕಳು ಮಾಡಿಸಿ ದಾನ ಕೊಡುತ್ತಾರೆ. ಅವಳೂ ಒಂದು ತರಿಸಿಟ್ಟಿದ್ದಳು.

"ಯಣ್ಣಾ, ಇದರ ಬಾಲಾ ಮೈಗೇ ಅಂಟಿಕೊಂಡೈತಿ. ಅವರು ಎಲ್ಲಿ ಹಿಡೀಬೇಕ್ರಿ? ಕುರುಂದವಾಡದಾಗ ಹೊಳಿ ಬಂದಾಗ ಗಿಡಾ ಏರಿ ಕುಂತವರು. ಮೊಣಕಾಲಮಟಾ ನೀರಂದ್ರೂ ನಡಗತಿದ್ರು."

"ತಂಗೆವ್ವಾ, ಅದು ಖರೇ ಹೊಳಿ ಅಲ್ಲ. ಮನಸಿನಾಗಿನ ಪಾಪಕ್ಕ ಹಂಗ ಹೇಳ್ಯಾರ" ಎಂದೆ.

ಭಟ್ಟರಿಗೆ ಕನ್ನಡ ಬರುವುದಿಲ್ಲ ಎಂದು ನಂಬಿದ್ದೆ. ಅವರು ಪೋಥಿ ಮುಚ್ಚಿ, "ಹೊಳಿ ಖೋಟಿ? ಮಗ ಮೀ ಪಣ ಖೋಟಾ ಕಾ?" ಎಂದರು. ನದಿ ಸುಳ್ಳಾದರೆ ತಾನೂ ಸುಳ್ಳೇ ಎಂಬುದು ಅವರ ಪ್ರಶ್ನೆ.

ಜಗಳ ಬಿಡಿಸಿದವಳು ಗಂಗವ್ವನೇ. "ಯಾರೂ ಖೋಟಾ ಅಲ್ಲರಿ. ಹೊಳಿ ಇಲ್ಲಂದ್ರ ಚಲೋನ ಆತು. ಇದ್ರ? ಯಣ್ಣಾ, ನೀವು ಬಾಲಾ ಅಷ್ಟ ಉದ್ದ ಮಾಡಿಸಿಕೊಂಡ ಬರ್ರಿ."

ಹೀಗಾಗಿ ನರಕವೇ ಇಲ್ಲ ಎಂದ ಪಂಡಿತ ಮರುದಿನ ಸೈಕಲ್ ತುಳಿದು ಹುಪರಿಗೆ ಹೋದ. ಬಾಲ ಎಷ್ಟು ಉದ್ದ ಬೇಕು ಎಂದು ಬೆಳ್ಳಿ ಕೆಲಸದವನು ಕೇಳಿದ. "ಅಂಜಿದ ಮನಷ್ಯಾ ಎರಡೂ ಕೈಲೆ ಹಿಡಿಯೂವಷ್ಟು" ಎಂದೆ. ಅವನು ನಗದೆ ಗೇಣುದ್ದದ ಬೆಳ್ಳಿ ತಂತಿ ಬೆಸೆದುಕೊಟ್ಟ. ದಾನದ ದಿನ ಗಂಗವ್ವ ಆ ಬಾಲವನ್ನು ಎರಡು ಸಲ ಜಗ್ಗಿ ನೋಡಿದಳು. ಆಮೇಲೆ ಆಕಳನ್ನು ಭಟ್ಟರ ಕೈಗಿಟ್ಟು, ಎಷ್ಟೋ ದಿನಗಳ ಮೇಲೆ ಒಂದು ತುತ್ತು ಅನ್ನ ಉಂಡಳು. ಅದನ್ನು ನೋಡಿ ನನಗಾದ ಸಂತೋಷ ಯಾವ ಪುರಾಣದಿಂದಲೂ ಆಗಿರಲಿಲ್ಲ.

ಆದರೆ ಅಂಗಿ ಒಗೆಯಲು ತೆಗೆದ ನನ್ನ ಹೆಂಡತಿಗೆ ಅದರ ಕಿಸೆಯಲ್ಲಿ ಇನ್ನೊಂದು ಆಕಳು ಸಿಕ್ಕಿತು. ಅದಕ್ಕೂ ಗೇಣುದ್ದ ಬಾಲ.

"ಇದು ಯಾರಿಗ್ರಿ?"

ನನಗೆ ಈಜು ಬರುವುದಿಲ್ಲ ಎಂಬುದು ಅವಳಿಗೆ ಗೊತ್ತು. "ದೃಷ್ಟಾಂತ" ಎಂದೆ.

ಅವಳು ಬಾಲ ಜಗ್ಗಿ ನೋಡಿದಳು. "ಗಟ್ಟಿ ಐತಿ. ಆದ್ರ ಒಂದ ತಂದೀರಿ. ನಾ ಏನ ಹಿಡೀಲಿ?"

ಊರಿಗೆಲ್ಲ ಅರ್ಥ ಹೇಳಿದ ನಾನು ಎದ್ದು ಸೈಕಲ್ಲಿಗೆ ಗಾಳಿ ಹೊಡೆದೆ.