ಎಲ್ಲಾ ಅಸಿಸ್ಟ್ ಬಂದ್!

ಆ ದಿನ ಬೆಳಿಗ್ಗೆ ಲಕ್ಷ್ಮೇಶ್ವರದ ಬಜಾರ ರಸ್ತೆಯಲ್ಲಿ ಆ ಎಮ್ಮೆ ರಸ್ತೆ ದಾಟದೇ ಇದ್ದಿದ್ದರೆ, ಅಂದಾನಪ್ಪನವರ ಮಾನ ಇನ್ನೂ ಒಂದಷ್ಟು ವರ್ಷ ಸುಖವಾಗಿ ಬಾಳಿಕೊಂಡಿರುತ್ತಿತ್ತು.

ಎಮ್ಮೆ ದೂರದಲ್ಲೇ ಇತ್ತು. ಸ್ಟೇರಿಂಗ್ ಹಿಡಿದಿದ್ದ ಮಮತಾ ಅದನ್ನು ನೋಡಿದ್ದಳು, ವೇಗವನ್ನೂ ತಗ್ಗಿಸಿದ್ದಳು. ಆದರೆ ಪಕ್ಕದಲ್ಲಿದ್ದ ಗುರುಗಳಿಗೆ ಅಷ್ಟು ತಾಳ್ಮೆ ಎಲ್ಲಿಯದು? ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರು ಕೂರುವ ಎಡಗಡೆಗೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತವಲ್ಲ, ಅಂದಾನಪ್ಪನವರು ಎರಡನ್ನೂ ಎರಡು ಕಾಲಿಂದ ಧಡಕ್ಕನೆ ತುಳಿದರು. ಕಾರು ಮುಗ್ಗರಿಸಿ ನಿಂತಿತು. ಹಿಂದಿನ ಟಂಟಂ ಆಟೋದವನು ಹಾರ್ನ್ ಹೊಡೆದ. ಎಮ್ಮೆ ಕೂಡ ಏನಾಯಿತೆಂದು ತಿರುಗಿ ನೋಡಿತು.

"ಎಮ್ಮಿ ಇನ್ನೂ ಅಲ್ಲಿತ್ತಲ್ರಿ ಸರ," ಎಂದಳು ಮಮತಾ.

"ನಿನ್ನ ಸಲುವಾಗೇ ಕಾಲಿಟ್ಟೇನವಾ! ಮೂರು ತಿಂಗಳಾತು, ಒಂದ ದಿನ ಗಾಡಿ ಸರಳ ಹೊಂಟಿಲ್ಲ. ನಿನಗ ಈ ಜಲ್ಮದಾಗ ಡ್ರೈವಿಂಗ್ ಬರಂಗಿಲ್ಲ ಬಿಡು!"

ಇಷ್ಟು ಜೋರಾಗಿ ಹೇಳಿದ್ದಕ್ಕೆ ಕಾರಣವಿತ್ತು. ಕಾರು ನಿಂತದ್ದು ಸ್ಕೂಲಿನ ಮುಂದೆಯೇ, ಅಲ್ಲಿ ಯಳವತ್ತಿಯ ರೊಟ್ಟಿ ಸಂಘದ ಕಾವೇರಿ ಇನ್ನೂ ಐವರು ಹೆಂಗಸರನ್ನು ಕಟ್ಟಿಕೊಂಡು ನಿಂತಿದ್ದಳು. ಖಡಕ್ ರೊಟ್ಟಿ ಸಾಗಿಸಲು ಸಂಘ ಹೊಸ ವ್ಯಾನ್ ಕೊಂಡಿತ್ತು. ಅದನ್ನು ತಾವೇ ಓಡಿಸಬೇಕೆಂದು ಆರೂ ಜನ ಕಲಿಯಲು ಬಂದಿದ್ದರು. ಆರು ಜನ! ಶಿರಹಟ್ಟಿ ರಸ್ತೆಯಲ್ಲಿ ಎ.ಸಿ. ಕಾರಿನ ಹೊಸ ಸ್ಕೂಲು ಶುರುವಾದ ಮೇಲೆ ಅಂದಾನಪ್ಪನವರಿಗೆ ಉಳಿದಿದ್ದವಳು ಮಮತಾ ಒಬ್ಬಳೇ. ಈ ಆರು ಮಂದಿಯೂ ಅತ್ತ ನಡೆದರೆ ಬೋರ್ಡು ಇಳಿಸುವುದೊಂದೇ ಬಾಕಿ. ಹಾಗಾಗಿ ತಪ್ಪು ಕಾರಿನದೂ ಅಲ್ಲ, ತಮ್ಮದೂ ಅಲ್ಲ ಎಂದು ಅವರಿಗೆ ಕೇಳಿಸಬೇಕಿತ್ತು.

ಕೇಳಿಸಿದ್ದು ಎದುರಿನ ವಿಡಿಯೋ ಗೇಮ್ ಅಂಗಡಿಯ ಅಯ್ಯೂಬನಿಗೆ. "ಹಂಗ ಅನಬ್ಯಾಡ್ರಿ ಸರ," ಎಂದು ಅವನು ಕಟ್ಟೆಯಿಂದಲೇ ಕೂಗಿದ. "ಮಮತಾ ನಮ್ಮ ಮಶೀನಿನ್ಯಾಗ ಭಾಳ ಚಲೋ ಹೊಡಿತಾಳ. ಖರೆ ಗಾಡಿಗತೆ ಎರಡೂವರಿ ಸುತ್ತು ತಿರಗೋ ಸ್ಟೇರಿಂಗ್ ಐತ್ರಿ. ಮೂರು ಪೆಡಲು, ಗೇರು, ಎಲ್ಲಾ ಐತಿ."

"ಆಟಗಿ ಸಾಮಾನಲೇ ಅದು! ನಾ ಕಣ್ಣ ಮುಚ್ಚಿ ಹೊಡದೇನು."

"ಅಸಿಸ್ಟ್ ಹಚ್ಚಿದ್ರ ಯಾರರ ಹೊಡಿತಾರ ಬಿಡ್ರಿ. ಮಶೀನೇ ಬ್ರೇಕ್ ಹಾಕತೈತಿ, ಮಶೀನೇ ತಿರುವಿನ್ಯಾಗ ಸಂಬಾಳಿಸತೈತಿ. ಅದನ್ನೆಲ್ಲಾ ಬಂದ್ ಮಾಡಿದ್ರ ಖಬರ ಆಗತೈತಿ."

"ಬಂದ್ ಮಾಡು! ಎಲ್ಲಾ ಅಸಿಸ್ಟ್ ಬಂದ್ ಮಾಡು! ಇಪ್ಪತ್ತೆರಡು ವರ್ಷ ಡ್ರೈವಿಂಗ್ ಕಲಿಸಿದಾಂವಗ ಅಸಿಸ್ಟ್ ಯಾಕ ಬೇಕು?"

ಕಾವೇರಿ ಉಳಿದವರ ಮುಖ ನೋಡಿದಳು. "ಹಂಗಾರ ಬಜಾರ ಮುಗಿಸ್ಕೊಂಡು ಸಂಜಿಕ ಬರ್ತೀವ್ರಿ ಸರ. ನೀವು ಹೊಡಿಯೂದು ನೋಡೇ ಹೆಸರ ಹಚ್ಚತೀವಿ."

ಅಂದಾನಪ್ಪನವರು ಬೇಗ ಬೇಗ ಸ್ಕೂಲಿನ ಒಳಗೆ ನಡೆದರು. ಊರಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಇಪ್ಪತ್ತೆರಡು ವರ್ಷದಿಂದ ಅವರು ಬಲಗಡೆಯ ಡ್ರೈವರ್ ಸೀಟಿನಲ್ಲಿ ಕುಳಿತೇ ಇರಲಿಲ್ಲ. ಬೆಳಿಗ್ಗೆ ಮನೆಯಿಂದ ಕರೆತರಲು ಒಬ್ಬ ವಿದ್ಯಾರ್ಥಿ, ಸಂಜೆ ಮನೆ ಮುಟ್ಟಿಸಲು ಇನ್ನೊಬ್ಬ; ಈಗ ಎರಡಕ್ಕೂ ಮಮತಾ. ಹೆಂಡತಿ ಕಳಕವ್ವನನ್ನು ಸಂತೆಗೆ ಕರೆದೊಯ್ದರೂ ಅದು ಯಾರದೋ ರಿವರ್ಸ್ ಪಾಠ. ಸ್ಟೇರಿಂಗ್ ಎಷ್ಟು ದಪ್ಪವಿರುತ್ತದೆ ಎಂಬುದೂ ಅವರ ಕೈಗೆ ಮರೆತುಹೋಗಿತ್ತು.

ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಹಿಂಬಾಗಿಲಿಂದ ನುಸುಳಿದರು. "ಅಯ್ಯೂಬ, ತಮ್ಮಾ, ಒಂದೀಟು ಕೈ ರೂಢಿ ಮಾಡ್ಕೊಂತೀನಿ."

ಎಲ್ಲ ಅಸಿಸ್ಟ್ ಬಂದ್ ಮಾಡಿ ಹೊರಟರು. ಮೊದಲ ತಿರುವಿನಲ್ಲೇ ಸ್ಟೇರಿಂಗ್ ಜಗ್ಗಿದ ರಭಸಕ್ಕೆ ಮೊಣಕೈ ಉಳುಕಿತು, ಕಾರು ಗೋಡೆಗೆ ಗುದ್ದಿತು. "ಸ್ಟೇರಿಂಗ್ ಹಗುರ ಮಾಡೋ," ಎಂದರು. ಮಾಡಿದ. ಕಾರು ಹುಲ್ಲಿನಲ್ಲಿ ಹೋಗಿ ನಿಂತಿತು. "ಗೇರು ತಾನ ಬೀಳಂಗ ಮಾಡು." ಮಾಡಿದ. ಕಾರು ಪಲ್ಟಿಯಾಯಿತು. ಎಲ್ಲಿ ತಿರುಗಬೇಕೆಂದು ತೋರಿಸುವ ಹಸಿರು ಗೆರೆ ಹಾಕಿಸಿದರು, ಬ್ರೇಕ್ ಅಸಿಸ್ಟೂ ಹಾಕಿಸಿದರು. ಆದರೇನು, ಎದುರಿಗೆ ಒಂದು ಕಾರು ಕಂಡರೆ ಸಾಕು, ಅವರ ಎರಡೂ ಕಾಲು ಒಮ್ಮೆಲೇ ಕ್ಲಚ್ಚಿನ ಮೇಲೂ ಬ್ರೇಕಿನ ಮೇಲೂ ಬೀಳುತ್ತಿದ್ದವು.

"ಸರ, ಇನ್ನ ಹಚ್ಚಾಕ ಅಸಿಸ್ಟೇ ಉಳದಿಲ್ರಿ," ಎಂದ ಅಯ್ಯೂಬ.

ಅಂದಾನಪ್ಪನವರ ಕಣ್ಣಲ್ಲಿ ನೀರು ತುಂಬಿತು. "ನನ್ನ ಸ್ಕೂಲು ಮುಚ್ಚತೈತೋ. ಏನರ ಮಾಡೋ ಮಾರಾಯ. ಎಲ್ಲಾರ ಮುಂದ ಬಂದ್ ಅನ್ನು, ಒಳಗ ಏನರ ಹಚ್ಚು."

ವಯಸ್ಸಾದ ಮನುಷ್ಯ ಅಳುವುದನ್ನು ಅಯ್ಯೂಬನಿಗೆ ನೋಡಲಾಗಲಿಲ್ಲ. ತಲೆ ಕೆರೆದುಕೊಂಡು ಹೇಳಿದ, "ಒಂದು ಐತ್ರಿ. ಅದನ್ನ ನಾ ನೋಡ್ಕೊಂತೀನಿ. ನೀವು ಸುಮ್ನ ಸ್ಟೇರಿಂಗ್ ಹಿಡಕೊಂಡು ಕುಂಡ್ರಿ."

ಸಂಜೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾವೇರಿಯ ತಂಡ ಮುಂದೆ ಕುಳಿತಿತ್ತು, ಮಮತಾ ಮೂಲೆಯಲ್ಲಿ ನಿಂತಿದ್ದಳು. ಎದುರಿನ ಹೋಟೆಲಿನವರು ಮಿರ್ಚಿ ಕರಿಯುವುದನ್ನು ಬಿಟ್ಟು ಬಂದಿದ್ದರು.

"ಎಲ್ಲಾ ಅಸಿಸ್ಟ್ ಬಂದ್!" ಎಂದು ಅಯ್ಯೂಬ ಸಾರಿದ.

ಓಟ ಶುರುವಾಯಿತು. ಏನದು ಓಟ! ಮೊದಲ ತಿರುವನ್ನು ಕಾರು ನೀರಿನ ಹಾಗೆ ದಾಟಿತು. ಸ್ಟೇರಿಂಗ್ ಎಷ್ಟು ಹಗುರವೆಂದರೆ ಇದ್ದದ್ದೇ ಗೊತ್ತಾಗುತ್ತಿರಲಿಲ್ಲ. ಅಭ್ಯಾಸಬಲದಿಂದ ಎರಡೂ ಕಾಲು ಧಡಕ್ಕನೆ ತುಳಿದರೂ ಕಾರು ಜಗ್ಗಲಿಲ್ಲ. ಭಲೇ ಅಯ್ಯೂಬ, ಎಂಥ ಅಸಿಸ್ಟ್ ಹಚ್ಚಿದೆಯೋ ಎಂದುಕೊಂಡರು ಅಂದಾನಪ್ಪನವರು. ಧೈರ್ಯ ಏರಿತು. ಮೂರು ಕಾರುಗಳನ್ನು ಹಿಂದೆ ಹಾಕುವ ಹೊತ್ತಿಗೆ ಒಂದು ಕೈ ಬಿಟ್ಟು ಮೀಸೆ ತಿರುವಿದರು. ಕೊನೆಯ ತಿರುವಿನಲ್ಲಿ ಎರಡೂ ಕೈ ಬಿಟ್ಟು ಕಾವೇರಿಗೆ ನಮಸ್ಕಾರವನ್ನೇ ಮಾಡಿದರು. ಕಾರು ತಾನೇ ತಿರುಗಿ ಮೊದಲನೆಯದಾಗಿ ಗೆರೆ ದಾಟಿತು.

"ಅಯ್ಯಯ್ಯ, ಕೈ ಬಿಟ್ಟು ಹೊಡದ್ರಲ್ರಿ!" ಎಂದು ಹೋಟೆಲಿನವರು ಬಾಯಿ ಮೇಲೆ ಕೈ ಇಟ್ಟುಕೊಂಡರು.

"ಅನುಭವ ಅಂದ್ರ ಇದು," ಎಂದರು ಅಂದಾನಪ್ಪನವರು.

ಆಗ ಪರದೆಯ ಮೇಲೆ ದೊಡ್ಡ ದೊಡ್ಡ ಇಂಗ್ಲಿಷ್ ಅಕ್ಷರಗಳು ಮೂಡಿದವು. ಅಯ್ಯೂಬ ವೈರು ಕೀಳಲು ಓಡಿದ, ಅಷ್ಟರಲ್ಲಿ ಕಾವೇರಿ ಓದಿಯೇ ಬಿಟ್ಟಳು. "ರಿಪ್ಲೇ... ಡ್ರೈವರ್, ಮಮತಾ... ಅಸಿಸ್ಟ್, ಎಲ್ಲಾ ಬಂದ್. ಅಂದ್ರ ಏನ್ರಿ ಇದು?"

"ಅಂದ್ರ... ಮೊನ್ನಿ ಮಮತಾ ಹೊಡದದ್ದು. ಮಶೀನಿನ್ಯಾಗ ಕೂಡಿಟ್ಟಿತ್ತು," ಎಂದ ಅಯ್ಯೂಬ ನೆಲ ನೋಡುತ್ತ. "ಕಡೀಕ ಹೆಸರ ಬರತೈತಿ ಅನ್ನೂದ ಮರತ ಬಿಟ್ಟೆ ಸರ."

ಅಂಗಡಿ ತುಂಬ ನಗು. ಅಂದಾನಪ್ಪನವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಾವೇರಿ ಮಾತ್ರ ನಗಲಿಲ್ಲ. ಮಮತಾಳ ಕಡೆ ತಿರುಗಿ ಕೇಳಿದಳು, "ಇಷ್ಟ ಚಲೋ ಹೊಡಿತಿ, ಮುಂಜಾನಿ ಕಾರಿನ್ಯಾಗ ಏನಾಗಿತ್ತವಾ?"

ಮಮತಾ ಓಢಣಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಇಲ್ಲೆ ಅಸಿಸ್ಟ್ ಬಂದ್ ಮಾಡಾಕ ಬರತೈತ್ರಿ ಅಕ್ಕಾರ. ಕಾರಿನ್ಯಾಗ ಬರಂಗಿಲ್ಲ. ಅದು ಎಡಗಡಿ ಸೀಟಿನ್ಯಾಗ ಕುಂತಿರತೈತಿ."

ಈ ಸಲ ನಗು ಬಜಾರದ ಆ ತುದಿಗೂ ಕೇಳಿಸಿತು.

"ನಡೀರಿ ಸರ, ಹೆಸರ ಹಚ್ಚಕೊಳ್ರಿ," ಎಂದು ಕಾವೇರಿ ಎದ್ದಳು. "ಆರೂ ಮಂದಿ ನಿಮ್ಮ ಸ್ಕೂಲಿಗೇ ಬರ್ತೀವಿ."

ಅಂದಾನಪ್ಪನವರಿಗೆ ಹೋದ ಜೀವ ಬಂದಂತಾಯಿತು. "ಖರೇನ ಅಕ್ಕಾರ?"

"ಖರೇನ. ಆದ್ರ ಕಲಿಸಾಕಿ ಮಮತಾ. ಎಡಗಡಿ ಆಕಿ ಕುಂಡ್ರಬೇಕು."

"ಮತ್ತ ನಾನು?"

"ನೀವು ಬಲಗಡಿ ಕುಂಡ್ರಿ. ಆಕಿ ಹೆಂಗ ಕಲಿಸತಾಳ ಅಂತ ನಾವೂ ನೋಡೂಣು. ಮೊದಲನೇ ಪಾಠ ನಿಮದ."

ಇಪ್ಪತ್ತೆರಡು ವರ್ಷದ ಮೇಲೆ ಅಂದಾನಪ್ಪನವರು ಬಲಗಡೆ ಬಾಗಿಲು ತೆರೆದು ಕುಳಿತರು. ಅರ್ಧ ಬಜಾರ ಸುತ್ತ ನಿಂತಿತ್ತು. ಬೆವರುತ್ತ ಗೇರು ಹಾಕಿ, ಉಸಿರು ಬಿಗಿಹಿಡಿದು ಕ್ಲಚ್ ಬಿಟ್ಟರು. ಕಾರು ಮೆಲ್ಲಗೆ ಉರುಳಿತು. ಉರುಳಿತಲ್ಲ! ಹತ್ತು ಮಾರು ಸರಳವಾಗಿ ಹೋಯಿತು. ಸಣ್ಣ ಹುಡುಗನ ಹಾಗೆ ಅವರ ಮುಖ ಅರಳಿತು. ಬರುತ್ತದೆ, ನನಗೂ ಬರುತ್ತದೆ!

ಧಡಕ್! ಕಾರು ಮುಗ್ಗರಿಸಿ ನಿಂತಿತು.

ದೂರದಲ್ಲಿ ಬೆಳಗಿನ ಎಮ್ಮೆ ಮನೆಗೆ ಮರಳುತ್ತಿತ್ತು. ಅಂದಾನಪ್ಪನವರು ಎಡಕ್ಕೆ ಬಗ್ಗಿ ನೋಡಿದರು. ಮಮತಾಳ ಎರಡೂ ಕಾಲು ಎರಡೂ ಪೆಡಲಿನ ಮೇಲಿದ್ದವು.

"ಯವ್ವಾ, ಎಮ್ಮಿ ಇನ್ನೂ ಅಲ್ಲೈತೆಲ್ಲಾ!"

"ನಿಮ್ಮ ಸಲುವಾಗೇ ಕಾಲಿಟ್ಟೇನ್ರಿ ಸರ," ಎಂದಳು ಮಮತಾ.